ಮುಂಗಡಕ್ಕೆ ಮೈ ಅಡವೇ?

"ದುಡ್ಡು ಈಸ್ಕಂಡವ್ನೆ, ತೀರೋಗಂಟ ಎಲ್ಲಿಗೋದಾನು?"

ಸಾವನದುರ್ಗದ ಸುತ್ತಣ ಸೀಮೆಯಲ್ಲಿ, ಅಂದರೆ ಮಾಗಡಿ, ರಾಮನಗರ, ಚನ್ನಪಟ್ಟಣ, ಕನಕಪುರದ ಕಡೆ ಈ ಮಾತು ಹೊಸದಲ್ಲ. ರೇಷ್ಮೆ ಶೆಡ್ಡಿನಲ್ಲಿ, ಇಟ್ಟಿಗೆ ಗೂಡಿನಲ್ಲಿ, ಕಲ್ಲು ಕ್ವಾರಿಯಲ್ಲಿ, ತೋಟದ ಮನೆಯಲ್ಲಿ ತಲೆಮಾರುಗಳಿಂದ ಕೇಳಿಬಂದ ಮಾತಿದು. ಆಡುವವರು ಇದನ್ನು ಬೆದರಿಕೆಯೆಂದು ಆಡುವುದಿಲ್ಲ, ನ್ಯಾಯವೆಂದೇ ಆಡುತ್ತಾರೆ. ಕೇಳಿಸಿಕೊಳ್ಳುವವನೂ ನ್ಯಾಯವೆಂದೇ ನಂಬಿ ತಲೆ ತಗ್ಗಿಸುತ್ತಾನೆ. ಮುಂಗಡ ಪಡೆದ ಮೇಲೆ ಅದು ತೀರುವವರೆಗೆ ದುಡಿಯಲೇಬೇಕು, ಬೇರೆ ಕಡೆ ಹೋಗಕೂಡದು, ಹೋದರೆ ಎಳೆದು ತರಬಹುದು ಎಂಬುದು ಇಬ್ಬರಿಗೂ 'ಕಾನೂನು'.

ಇಂಥ ಕಾನೂನು ಈ ದೇಶದಲ್ಲಿಲ್ಲ. ಇರುವ ಕಾನೂನು ಹೇಳುವುದು ಇದಕ್ಕೆ ಪೂರ್ತಿ ವಿರುದ್ಧವಾದದ್ದನ್ನು. ಆದರೂ ಇಲ್ಲದ ಕಾನೂನು ನಡೆಯುತ್ತದೆ, ಇರುವ ಕಾನೂನು ಕಡತದಲ್ಲಿ ಮಲಗುತ್ತದೆ. ಯಾಕೆ ಹೀಗೆ ಎಂದು ಕೇಳಬೇಕಾದವರಲ್ಲಿ ನಮ್ಮ ಸಮುದಾಯವೂ ಒಂದು. ಯಾಕೆಂದರೆ ರೇಷ್ಮೆಯ ಈ ಕಸುಬಿನಲ್ಲಿ ಮುಂಗಡ ಕೊಟ್ಟ ಕೈ, ಮುಂಗಡ ಪಡೆದ ಕೈ ಎರಡೂ ಎಷ್ಟೋ ಸಲ ನಮ್ಮವೇ ಆಗಿವೆ.

ಮೊದಲು ದಾಖಲೆಯನ್ನು ನೋಡೋಣ. ರೇಷ್ಮೆ ಗೂಡನ್ನು ಕುದಿಯುವ ನೀರಿನಲ್ಲಿ ಬೇಯಿಸಿ, ಬೇಸಿನ್ನಿನ ಬಿಸಿನೀರಿನಲ್ಲಿ ಬೆರಳಾಡಿಸಿ ಎಳೆ ಹುಡುಕಿ ನೂಲು ಬಿಚ್ಚುವ ಕೆಲಸ ರಾಮನಗರದ್ದು. ಆ ನೂಲನ್ನು ಹುರಿ ಮಾಡುವ ಯಂತ್ರಗಳ ಸದ್ದು ಮಾಗಡಿಯದು. ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 1996ರಲ್ಲಿ ಭಾರತದ ಬಾಲ ಜೀತದ ಬಗ್ಗೆ ಒಂದು ವರದಿಯನ್ನೂ, 2003ರಲ್ಲಿ ರೇಷ್ಮೆ ಉದ್ಯಮವೊಂದನ್ನೇ ಕುರಿತು ಇನ್ನೊಂದು ವರದಿಯನ್ನೂ ಪ್ರಕಟಿಸಿತು. ಹೆತ್ತವರು ಪಡೆದ ಮುಂಗಡಕ್ಕಾಗಿ ಬೇಸಿನ್ನಿನ ಮುಂದೆ, ಹುರಿ ಯಂತ್ರದ ಮುಂದೆ ನಿಂತ ಮಕ್ಕಳ ವಿವರ ಅವುಗಳಲ್ಲಿದೆ. ಬೊಬ್ಬೆ ಎದ್ದ ಕೈಗಳ ಮಾತಿದೆ. ಆ ಮಕ್ಕಳಲ್ಲಿ ಬಹುಪಾಲು ದಲಿತರು ಮತ್ತು ಮುಸ್ಲಿಮರು ಎಂಬುದನ್ನೂ ವರದಿ ಮುಚ್ಚಿಡಲಿಲ್ಲ.

ಅಂದಿನಿಂದ ಬದಲಾವಣೆ ಆಗಿಲ್ಲವೆಂದಲ್ಲ. ಸ್ವಯಂಚಾಲಿತ ಯಂತ್ರಗಳು ಬಂದಿವೆ. 2002ರ ಸಂವಿಧಾನ ತಿದ್ದುಪಡಿ ಶಿಕ್ಷಣವನ್ನು ಮೂಲಭೂತ ಹಕ್ಕು ಮಾಡಿತು. 2016ರ ತಿದ್ದುಪಡಿ ಹದಿನಾಲ್ಕರ ಒಳಗಿನ ಮಕ್ಕಳನ್ನು ಯಾವುದೇ ಉದ್ಯೋಗದಲ್ಲಿ ದುಡಿಸಿಕೊಳ್ಳುವುದನ್ನು ನಿಷೇಧಿಸಿತು, ಆದರೆ ಕುಟುಂಬದ ಕಸುಬಿಗೆ ಒಂದು ಕಿಂಡಿ ಬಿಟ್ಟಿತು. ಆದರೆ ಮಗುವಿನ ಕೈ ಬಿಟ್ಟ ಮುಂಗಡದ ಹಗ್ಗ ದೊಡ್ಡವರ ಕೊರಳಲ್ಲಿ ಹಾಗೇ ಉಳಿಯಿತು. ಕರ್ನಾಟಕದಲ್ಲಿ ಇದುವರೆಗೆ ಗುರುತಿಸಲಾದ ಜೀತಗಾರರ ಸಂಖ್ಯೆ 60 ಸಾವಿರಕ್ಕೂ ಹೆಚ್ಚು ಎಂದು ಕೇಂದ್ರ ಸರ್ಕಾರದ ಲೆಕ್ಕವೇ ಹೇಳುತ್ತದೆ. ಗುರುತಿಸಲ್ಪಡದವರ ಲೆಕ್ಕ ಯಾರ ಬಳಿಯೂ ಇಲ್ಲ.

ಮಾಲೀಕರ ವಾದವನ್ನು ನಾವು ಪೂರ್ತಿಯಾಗಿಯೇ ಕೇಳೋಣ. ಯಾರನ್ನೂ ನಾವು ಹಿಡಿದು ತಂದಿಲ್ಲ, ಅವರೇ ಬಂದು ಕೈ ಒಡ್ಡಿದರು ಎನ್ನುತ್ತಾರೆ. ಮಗಳ ಮದುವೆಗೆ, ಆಸ್ಪತ್ರೆ ಖರ್ಚಿಗೆ, ಮನೆ ಬಾಡಿಗೆಗೆ ಬ್ಯಾಂಕ್ ಕೊಡದ ಹಣವನ್ನು ನಾವು ಕೊಟ್ಟೆವು, ಅದೂ ಬಡ್ಡಿಯಿಲ್ಲದೆ. ಕೊಟ್ಟ ಮಾತನ್ನು ಉಳಿಸಿಕೊಳ್ಳಿ ಎಂದರೆ ಅದು ಜೀತವೇ? ಸಾಲ ತೀರಿಸದೆ ಓಡಿಹೋಗುವುದು ಧರ್ಮವೇ?

ಕೇಳಲು ಸರಿಯೆನಿಸುವ ಪ್ರಶ್ನೆಗಳು. ಉತ್ತರ ಹುಡುಕಬೇಕಾದರೆ ಕಾನೂನಿನ ಮೊದಲ ಪಾಠಕ್ಕೇ ಹೋಗಬೇಕು. ಒಬ್ಬ ಮನುಷ್ಯ ಇನ್ನೊಬ್ಬನಿಗೆ ಯಾವಾಗ ಬದ್ಧನಾಗುತ್ತಾನೆ?

ಕನ್ನಡದಲ್ಲಿ 'ಬದ್ಧ' ಮತ್ತು 'ಬಂಧಿತ' ಒಂದೇ ಬೇರಿನ ಪದಗಳು. ಅರ್ಥ ಮಾತ್ರ ಬೇರೆ. ಇಂಗ್ಲೆಂಡಿನ ಕಾನೂನು ಚಿಂತಕ ಎಚ್.ಎಲ್.ಎ. ಹಾರ್ಟ್ 1961ರಲ್ಲಿ ಪ್ರಕಟಿಸಿದ ತನ್ನ ಪುಸ್ತಕದಲ್ಲಿ ಈ ವ್ಯತ್ಯಾಸವನ್ನೇ ಎತ್ತಿ ತೋರಿಸಿದ. ಬಂದೂಕು ಹಿಡಿದವನು ಹಣ ಕೇಳಿದರೆ ನಾವು ಕೊಟ್ಟುಬಿಡುತ್ತೇವೆ. ಕೊಡದೆ ಗತಿಯಿರಲಿಲ್ಲ ಎನ್ನಬಹುದು. ಆದರೆ ಅವನಿಗೆ ಹಣ ಕೊಡುವ ಕರ್ತವ್ಯ ನಮಗಿತ್ತು ಎಂದು ಯಾರೂ ಹೇಳುವುದಿಲ್ಲ. ಗತಿಯಿಲ್ಲದೆ ಮಣಿಯುವುದು ಬೇರೆ, ಹೊಣೆಯಿಂದ ನಡೆದುಕೊಳ್ಳುವುದು ಬೇರೆ.

ಇದನ್ನು ತಿಳಿಯಲು ಇಂಗ್ಲೆಂಡಿಗೇ ಹೋಗಬೇಕಿಲ್ಲ. ಸಾವನದುರ್ಗದ ಬಂಡೆಯನ್ನು ಕೇಳಿದರೂ ಆದೀತು. ಕೆಂಪೇಗೌಡರ ವಂಶದವರು ಅದನ್ನು ಆಳಿದರು. 1728ರಲ್ಲಿ ಮೈಸೂರಿನ ಸೇನೆ ಕಸಿದುಕೊಂಡಿತು. ಟಿಪ್ಪುವಿನ ಕಾಲದಲ್ಲಿ, 1791ರ ಡಿಸೆಂಬರ್ 21ರಂದು, ಕಾರ್ನ್‌ವಾಲಿಸನ ಪಡೆ ಹತ್ತಿ ಹಿಡಿಯಿತು. ಪ್ರತಿ ಸಲವೂ ಕೆಳಗಿನ ಹಳ್ಳಿಯವರು ಹೊಸ ಧಣಿಗೆ ಕಂದಾಯ ಎಣಿಸಿದರು. ಎಣಿಸದೆ ಇರಲಾಗುತ್ತಿರಲಿಲ್ಲ. ಕೋಟೆ ಯಾರದೋ ಅವನ ಮಾತೇ ಕಾನೂನು ಎಂಬುದು ಆ ಕಾಲದ ರೀತಿ. ಬಲವೇ ಹೊಣೆಯನ್ನು ಹುಟ್ಟಿಸುವುದಿಲ್ಲ, ಹೊಣೆಗೆ ಎಲ್ಲರಿಗೂ ಅನ್ವಯವಾಗುವ ಒಂದು ನಿಯಮದ ಆಧಾರ ಬೇಕು ಎಂದು ಒಪ್ಪಿಕೊಂಡದ್ದೇ ನಮ್ಮ ಸಂವಿಧಾನ. ಶೆಡ್ಡಿನ ಬಾಗಿಲಲ್ಲಿ ನಿಂತು "ಎಲ್ಲಿಗೋದಾನು" ಎನ್ನುವವರು ಮಾತ್ರ ಇನ್ನೂ ದುರ್ಗದ ಕಾಲದಲ್ಲೇ ಇದ್ದಾರೆ.

ಇನ್ನು 'ಒಪ್ಪಿಗೆ'ಯ ಮಾತು. 1872ರ ಕರಾರು ಕಾಯ್ದೆಯ ಪ್ರಕಾರ ಎಲ್ಲ ಒಪ್ಪಂದಗಳೂ ಕರಾರುಗಳಲ್ಲ. ಒಪ್ಪಿಗೆ ಸ್ವತಂತ್ರವಾಗಿರಬೇಕು, ಒಪ್ಪಿದವರು ವಯಸ್ಕರಾಗಿರಬೇಕು, ಉದ್ದೇಶ ಕಾನೂನಿಗೆ ಒಪ್ಪುವಂತಿರಬೇಕು. ಇವುಗಳಿದ್ದರೆ ಮಾತ್ರ ನ್ಯಾಯಾಲಯ ಅದನ್ನು ಜಾರಿ ಮಾಡುತ್ತದೆ. ಕದ್ದ ಮಾಲು ಹಂಚಿಕೊಳ್ಳುವ ಇಬ್ಬರು ಎಷ್ಟೇ ಮನಃಪೂರ್ವಕ ಒಪ್ಪಿದರೂ ಅದು ಕರಾರಲ್ಲ. ಅಪ್ರಾಪ್ತ ವಯಸ್ಕರ ಒಪ್ಪಂದ ಹುಟ್ಟುವಾಗಲೇ ಸತ್ತದ್ದು ಎಂದು ಪ್ರಿವಿ ಕೌನ್ಸಿಲ್ 1903ರಲ್ಲೇ ತೀರ್ಪು ಕೊಟ್ಟಿತು. ಮಗುವಿನ ದುಡಿಮೆಯನ್ನು ಹೆತ್ತವರು ಅಡವಿಡುವ ಒಪ್ಪಂದ ಅಸಿಂಧು ಎಂದು ಬ್ರಿಟಿಷ್ ಸರ್ಕಾರವೇ 1933ರಲ್ಲಿ ಕಾಯ್ದೆ ಮಾಡಿತು. ವಸಾಹತು ಸರ್ಕಾರಕ್ಕೆ ಕಂಡ ಅನ್ಯಾಯ ಸ್ವತಂತ್ರ ಭಾರತದ ರೇಷ್ಮೆ ಪೇಟೆಗೆ ಇಪ್ಪತ್ತನೆಯ ಶತಮಾನ ಮುಗಿದರೂ ಕಾಣಲಿಲ್ಲ ಎಂದರೆ ಯಾರ ಕಣ್ಣಿಗೆ ಪೊರೆ ಬಂದಿತ್ತು?

ವಯಸ್ಕನೇ ಒಪ್ಪಿ ಸಹಿ ಹಾಕಿದ, ಕರಾರು ಸಿಂಧುವೇ ಎಂದು ವಾದಕ್ಕಾಗಿ ಇಟ್ಟುಕೊಳ್ಳೋಣ. ಆಗಲೂ ಮಾಲೀಕನಿಗೆ ಸಿಗುವುದು ಹಣದ ಹಕ್ಕು ಮಾತ್ರ. ಸಿವಿಲ್ ದಾವೆ ಹೂಡಬಹುದು. ಅದಕ್ಕೂ ಸಾಮಾನ್ಯವಾಗಿ ಮೂರು ವರ್ಷದ ಗಡುವಿದೆ. "ಇವನು ನನ್ನ ಶೆಡ್ಡಿನಲ್ಲೇ ದುಡಿಯಲಿ" ಎಂಬ ಆದೇಶವನ್ನು ಯಾವ ನ್ಯಾಯಾಲಯವೂ ಕೊಡುವುದಿಲ್ಲ. ಸಾಲ ಆಸ್ತಿಯ ಮೇಲೆ ಬರುತ್ತದೆಯೇ ಹೊರತು ಮೈಮೇಲೆ ಬರುವುದಿಲ್ಲ. ಬ್ಯಾಂಕಿಗೆ ಕೋಟಿಗಟ್ಟಲೆ ಬಾಕಿ ಉಳಿಸಿಕೊಂಡ ಉದ್ಯಮಿಯನ್ನು ಬ್ಯಾಂಕಿನ ಕೌಂಟರಿನಲ್ಲಿ ಕೂರಿಸಿ ದುಡಿಸಿದ್ದನ್ನು ಯಾರಾದರೂ ಕಂಡಿದ್ದಾರೆಯೇ? ಕೆಲವು ಸಾವಿರ ಪಡೆದವನಿಗೆ ಮಾತ್ರ ಈ ನಿಯಮ ಎಲ್ಲಿಂದ ಬಂತು?

ಎಲ್ಲಿಂದ ಬಂತು ಎಂಬುದಕ್ಕೆ ಚರಿತ್ರೆಯಲ್ಲಿ ಉತ್ತರವಿದೆ. 1859ರಲ್ಲಿ ಬ್ರಿಟಿಷರು ಒಂದು ಕಾಯ್ದೆ ತಂದರು. ಮುಂಗಡ ಪಡೆದ ಕೂಲಿಯವನು ಕೆಲಸ ಬಿಟ್ಟರೆ ಅದು ಅಪರಾಧ. ಮ್ಯಾಜಿಸ್ಟ್ರೇಟ್ ಹಣ ಮರಳಿಸು ಅಥವಾ ದುಡಿ ಎಂದು ಆದೇಶಿಸಬಹುದಿತ್ತು, ಮೀರಿದರೆ ಮೂರು ತಿಂಗಳ ಸೆರೆ. ವ್ಯಾಪಾರಿಗಳಿಗೂ ತೋಟದ ಧಣಿಗಳಿಗೂ ಅನುಕೂಲವಾಗಲೆಂದು ಬಂದ ಈ ಕಾಯ್ದೆಯನ್ನು 1925ರಲ್ಲಿ ಅವರೇ ರದ್ದು ಮಾಡಿದರು. "ದುಡ್ಡು ಈಸ್ಕಂಡು ಓಡಿಹೋದ" ಎಂದು ಠಾಣೆಗೆ ದೂರು ಒಯ್ಯುವವರು, ಆ ದೂರಿನ ಮೇಲೆ ಕೂಲಿಯವನನ್ನು ಕರೆಸಿ ಗದರಿಸುವ ಪೊಲೀಸರು ನೂರು ವರ್ಷದ ಹಿಂದೆ ಸತ್ತ ಕಾಯ್ದೆಯ ದೆವ್ವಕ್ಕೆ ಕೈಮುಗಿಯುತ್ತಿದ್ದಾರೆ.

ಈಗ ಬದುಕಿರುವ ಕಾನೂನಿಗೆ ಬರೋಣ. ಸಂವಿಧಾನದ 23ನೇ ವಿಧಿ ಬಿಟ್ಟಿ ಮತ್ತು ಬಲವಂತದ ದುಡಿಮೆಯನ್ನು ನಿಷೇಧಿಸುತ್ತದೆ. ಮೂಲಭೂತ ಹಕ್ಕುಗಳಲ್ಲಿ ಹೆಚ್ಚಿನವು ಸರ್ಕಾರದ ವಿರುದ್ಧ ನಮಗಿರುವ ರಕ್ಷಣೆ. 23ನೇ ವಿಧಿ ಹಾಗಲ್ಲ, ಅದು ಖಾಸಗಿ ಮಾಲೀಕನನ್ನೂ ಕಟ್ಟಿಹಾಕುತ್ತದೆ. 1982ರಲ್ಲಿ ಏಷ್ಯನ್ ಕ್ರೀಡಾಕೂಟದ ಕಟ್ಟಡ ಕಾರ್ಮಿಕರ ಪ್ರಕರಣದಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಬಲವಂತ ಎಂದರೆ ಲಾಠಿಯ ಬಲವಂತ ಮಾತ್ರವಲ್ಲ, ಹಸಿವಿನ ಬಲವಂತವೂ ಬಲವಂತವೇ. ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಯಲು ಒಬ್ಬ ಒಪ್ಪಿದ್ದಾನೆಂದರೆ ಯಾವುದೋ ಒಂದು ಒತ್ತಡ ಅವನನ್ನು ಒಪ್ಪಿಸಿದೆ ಎಂದೇ ತಿಳಿಯಬೇಕು. "ಅವನೇ ಬಂದು ಕೈ ಒಡ್ಡಿದ" ಎಂಬ ವಾದಕ್ಕೆ ಸುಪ್ರೀಂ ಕೋರ್ಟು ಕೊಟ್ಟ ಉತ್ತರವಿದು.

ಜೀತ ಪದ್ಧತಿ ರದ್ದತಿಯ ಸುಗ್ರೀವಾಜ್ಞೆ ಜಾರಿಗೆ ಬಂದದ್ದು 1975ರ ಅಕ್ಟೋಬರ್ 25ರಂದು. 1976ರಲ್ಲಿ ಅದು ಕಾಯ್ದೆಯಾಯಿತು. ಮುಂಗಡ ಪಡೆದ ಕಾರಣಕ್ಕೆ ಒಬ್ಬನು ಬೇರೆ ಕಡೆ ದುಡಿಯುವ ಸ್ವಾತಂತ್ರ್ಯವನ್ನೋ, ಓಡಾಡುವ ಸ್ವಾತಂತ್ರ್ಯವನ್ನೋ, ತನ್ನ ದುಡಿಮೆಗೆ ಪೇಟೆಯ ಬೆಲೆ ಪಡೆಯುವ ಹಕ್ಕನ್ನೋ ಕಳೆದುಕೊಂಡರೆ ಅದು ಜೀತ. ನಾಮಮಾತ್ರ ಕೂಲಿಗೆ ದುಡಿಯಬೇಕಾದರೂ ಜೀತವೇ. ಇವುಗಳಲ್ಲಿ ಯಾವುದಾದರೂ ಒಂದಿದ್ದರೆ ಸಾಕು. ಕಾಲಿಗೆ ಸರಪಳಿ ಇರಬೇಕಾಗಿಲ್ಲ.

ಹಾಗಿದ್ದಲ್ಲಿ ಆ ಸಾಲ ಏನಾಗುತ್ತದೆ? ಅಳಿದುಹೋಗುತ್ತದೆ. ಕಂತಿನಲ್ಲಿ ತೀರಿಸಬೇಕಾಗಿಲ್ಲ, ಅದು ಇಲ್ಲವೇ ಇಲ್ಲ. ಅಳಿದ ಸಾಲಕ್ಕೆ ಮಾಲೀಕ ಹಣ ಪಡೆದರೆ ಅದೇ ಅಪರಾಧ, ಮೂರು ವರ್ಷದವರೆಗೆ ಸೆರೆವಾಸವಿದೆ. ದುಡಿಮೆಗೆ ಪ್ರತಿಯಾಗಿ ಕೊಟ್ಟ ವಾಸದ ಜಾಗದಿಂದ ಬಿಡುಗಡೆಯಾದವನನ್ನು ಹೊರಹಾಕುವಂತಿಲ್ಲ. ಇದು ಜೀತದ ಸಾಲವಲ್ಲ ಎಂದು ಸಾಬೀತುಪಡಿಸುವ ಭಾರವೂ ಸಾಲ ಕೊಟ್ಟವನದೇ. ಕಾನೂನಿನಲ್ಲಿ ಇದು ದೊಡ್ಡ ಮಾತು. ಸಾಮಾನ್ಯವಾಗಿ ಆರೋಪ ಮಾಡಿದವನು ಸಾಬೀತುಪಡಿಸಬೇಕು. ಇಲ್ಲಿ ಲೆಕ್ಕದ ಪುಸ್ತಕ ಯಾರ ಕೈಯಲ್ಲಿದೆಯೋ ಅವನೇ ಬಾಯಿ ಬಿಡಬೇಕೆಂದು ಕಾಯ್ದೆ ಹೇಳಿತು. ಹೆಬ್ಬೆಟ್ಟು ಒತ್ತಿದವನ ಬಳಿ ದಾಖಲೆ ಎಲ್ಲಿಂದ ಬರಬೇಕು?

ಆದ್ದರಿಂದ ಶೆಡ್ಡಿನಲ್ಲಿ ಹೊಣೆ ಯಾರದು ಎಂದು ಕೇಳಿದರೆ ಕಾನೂನು ಬೆರಳು ತೋರಿಸುವುದು ದುಡಿಯುವವನ ಕಡೆಗಲ್ಲ. ಹಕ್ಕು ಒಂದು ಕಡೆ ಇದ್ದರೆ ಅದರ ಎದುರಿಗೆ ಒಂದು ಕರ್ತವ್ಯ ನಿಂತಿರಬೇಕು. ಇಲ್ಲದಿದ್ದರೆ ಅದು ಹಕ್ಕಲ್ಲ, ಹಾರೈಕೆ. ದುಡಿಯುವವನಿಗೆ ಬಿಟ್ಟು ಹೋಗುವ ಹಕ್ಕಿದೆ, ತಡೆಯದಿರುವ ಕರ್ತವ್ಯ ಮಾಲೀಕನದು. ದುಡಿಯುವವನಿಗೆ ಬಿಡುಗಡೆಯ ಹಕ್ಕಿದೆ, ಹುಡುಕಿ ಬಿಡಿಸುವ ಕರ್ತವ್ಯ ಸರ್ಕಾರದ್ದು.

ಈ ಎರಡನೆಯ ಕರ್ತವ್ಯದ ಕಥೆಯನ್ನೂ ಹೇಳಬೇಕು. ಪ್ರತಿ ಜಿಲ್ಲೆಯಲ್ಲಿ, ಪ್ರತಿ ಉಪವಿಭಾಗದಲ್ಲಿ ಜಾಗೃತಿ ಸಮಿತಿ ಇರಬೇಕೆಂದು ಕಾಯ್ದೆ ವಿಧಿಸಿದೆ. ಜೀತ ನಡೆಯುತ್ತಿದೆಯೇ ಎಂದು ವಿಚಾರಿಸುವುದು ಜಿಲ್ಲಾ ದಂಡಾಧಿಕಾರಿಯ ಕರ್ತವ್ಯ ಎನ್ನುತ್ತದೆ. ದಯೆ ಬಂದಾಗ ಮಾಡುವ ಕೆಲಸವಲ್ಲ ಇದು, ಮಾಡಲೇಬೇಕಾದ ಕೆಲಸ. ಬಿಡುಗಡೆ ಮಾಡಿದರೆ ಮುಗಿಯಲಿಲ್ಲ, ಪುನರ್ವಸತಿ ಕಲ್ಪಿಸದಿದ್ದರೆ ಬಿಡುಗಡೆಯಾದವನು ಮತ್ತೆ ಅದೇ ಹಳ್ಳಕ್ಕೆ ಬೀಳುತ್ತಾನೆ ಎಂದು ಸುಪ್ರೀಂ ಕೋರ್ಟು 1984ರಲ್ಲೇ ಎಚ್ಚರಿಸಿತು. 2016ರ ಕೇಂದ್ರ ಯೋಜನೆ ಪುರುಷರಿಗೆ 1 ಲಕ್ಷ, ಮಹಿಳೆಯರಿಗೂ ಮಕ್ಕಳಿಗೂ 2 ಲಕ್ಷ, ಅತಿ ಕ್ರೂರ ಪ್ರಕರಣಗಳಲ್ಲಿ 3 ಲಕ್ಷ ರೂಪಾಯಿ ನಿಗದಿ ಮಾಡಿತು. ಆದರೆ ಆ ಹಣದ ಬಿಡುಗಡೆಯನ್ನು ಆರೋಪಿಗೆ ಶಿಕ್ಷೆಯಾಗುವುದಕ್ಕೆ ಗಂಟು ಹಾಕಿತು. ನ್ಯಾಯಾಲಯಗಳ ವೇಗ ಬಲ್ಲವರಿಗೆ ಈ ಗಂಟಿನ ಅರ್ಥ ಗೊತ್ತು.

ಇದೇ ಸರ್ಕಾರಕ್ಕೆ ಜಾರಿ ಮಾಡುವ ಶಕ್ತಿ ಇಲ್ಲವೇ? ರೇಷ್ಮೆ ಗೂಡನ್ನು ನೋಡಿ. 1959ರ ಕಾಯ್ದೆಯೊಂದು ಬಿತ್ತನೆಯಿಂದ ನೂಲಿನವರೆಗೆ ಎಲ್ಲವನ್ನೂ ಹತೋಟಿಯಲ್ಲಿಟ್ಟಿದೆ. ಗೂಡು ಸರ್ಕಾರಿ ಮಾರುಕಟ್ಟೆಯಲ್ಲಿ ಹರಾಜಾಗಬೇಕು, ನೂಲು ಬಿಚ್ಚುವವನಿಗೆ ಪರವಾನಗಿ ಇರಬೇಕು. ರಾಮನಗರದ ಮಾರುಕಟ್ಟೆಯಲ್ಲಿ ಗೂಡು ತೂಗಿ, ಬರೆದು, ಲೆಕ್ಕ ಹಾಕಿ ಶೆಡ್ಡಿಗೆ ಕಳಿಸಲಾಗುತ್ತದೆ. ಸಾವನದುರ್ಗದ ಕಾಡಿನಿಂದ ಒಂದು ಹೊರೆ ಸೌದೆ ಇಳಿದರೂ ಪ್ರಶ್ನಿಸಲು ಅರಣ್ಯ ಕಾನೂನಿದೆ. ಗೂಡಿನ ಲೆಕ್ಕ ಇಡುವ ಸರ್ಕಾರಕ್ಕೆ, ಸೌದೆಯ ಲೆಕ್ಕ ಕೇಳುವ ಸರ್ಕಾರಕ್ಕೆ, ಅದೇ ಶೆಡ್ಡಿನೊಳಗೆ ಗೂಡು ಬೇಯಿಸುವ ಮನುಷ್ಯನ ಲೆಕ್ಕ ಮಾತ್ರ ಸಿಗುವುದಿಲ್ಲ! "ನಮ್ಮ ತಾಲೂಕಿನಲ್ಲಿ ಜೀತವಿಲ್ಲ" ಎಂದು ಬರೆದು ಕಡತ ಮುಚ್ಚುವುದು ಸುಲಭ. 'ಇದೆ' ಎಂದು ಬರೆದರೆ ಬಿಡುಗಡೆ ಪ್ರಮಾಣಪತ್ರ ಕೊಡಬೇಕು, ಮೊಕದ್ದಮೆ ಹೂಡಬೇಕು, ಪುನರ್ವಸತಿಯ ಹೊಣೆ ಹೊರಬೇಕು. 2007ರಲ್ಲಿ ರಾಮನಗರ ಜಿಲ್ಲೆಯಾಯಿತು, 2025ರಲ್ಲಿ ಅದರ ಹೆಸರು ಬೆಂಗಳೂರು ದಕ್ಷಿಣವೆಂದಾಯಿತು. ಫಲಕ ಬದಲಿಸಿದಷ್ಟು ಬೇಗ ಮನುಷ್ಯರ ಸ್ಥಿತಿ ಬದಲಿಸಲು ಯಾರಿಗೂ ಅವಸರವಿರಲಿಲ್ಲ.

ಇನ್ನು ನಮ್ಮೊಳಗಿನ ಮಾತು. ಮುಸ್ಲಿಮ್ ಕಾರ್ಮಿಕನನ್ನು ಕಟ್ಟಿಹಾಕುವುದು ಮಾಲೀಕನ ಭಯವೊಂದೇ ಅಲ್ಲ, ಸಾಲ ಹೊತ್ತು ಸಾಯಬಾರದೆಂಬ ಭಯವೂ ಹೌದು. ಸಾಲ ಉಳಿಸಿ ತೀರಿಕೊಂಡವರ ಜನಾಝಾ ನಮಾಝ್ ನಿರ್ವಹಿಸಲು ಪ್ರವಾದಿಯವರು ಹಿಂಜರಿದ ಪ್ರಸಂಗ ಎಲ್ಲರಿಗೂ ಗೊತ್ತು. ಮುಂಗಡ ಕೊಟ್ಟವರು ಅಷ್ಟನ್ನೇ ನೆನಪಿಸುತ್ತಾರೆ. ಪ್ರಸಂಗದ ಉಳಿದ ಅರ್ಧವನ್ನು ಹೇಳುವುದಿಲ್ಲ. ಅಲ್ಲಿದ್ದ ಸಂಗಾತಿಯೊಬ್ಬರು ಆ ಸಾಲವನ್ನು ತಾವು ಹೊತ್ತುಕೊಂಡರು, ನಮಾಝ್ ನಡೆಯಿತು. ಸತ್ತವನ ಮಕ್ಕಳನ್ನು ದುಡಿಮೆಗೆ ಕರೆಯಲಿಲ್ಲ, ಸಮುದಾಯವೇ ಹೆಗಲು ಕೊಟ್ಟಿತು.

ಕರಾರು ಪಾಲಿಸಬೇಕೆಂಬ ಆಜ್ಞೆ ಕುರ್‌ಆನಿನಲ್ಲಿದೆ ಎಂಬುದು ನಿಜ. ಕಷ್ಟದಲ್ಲಿರುವ ಸಾಲಗಾರನಿಗೆ ಅನುಕೂಲವಾಗುವವರೆಗೆ ಸಮಯ ಕೊಡಬೇಕು, ಬಿಟ್ಟುಕೊಟ್ಟರೆ ಇನ್ನೂ ಒಳ್ಳೆಯದು ಎಂಬ ಬೋಧನೆಯೂ ಅದರಲ್ಲೇ ಇದೆ. ಅದರ ಅತಿ ದೀರ್ಘ ವಚನವೇ ಸಾಲವನ್ನು ಸಾಕ್ಷಿಗಳೆದುರು ನ್ಯಾಯವಾಗಿ ಬರೆದಿಡುವುದರ ಬಗ್ಗೆ. ಎಷ್ಟು ಮುಂಗಡಗಳಿಗೆ ಇಂಥ ಬರಹವಿದೆ? ಎಷ್ಟು ತೀರಿತು, ಎಷ್ಟು ಉಳಿಯಿತು ಎಂದು ದುಡಿಯುವವನಿಗೆ ತೋರಿಸಿದ್ದಾರೆಯೇ? ಸ್ವತಂತ್ರ ಮನುಷ್ಯ ಸೊತ್ತಲ್ಲ, ಅವನನ್ನು ಮಾರುವಂತಿಲ್ಲ, ಅಡವಿಡುವಂತಿಲ್ಲ ಎಂಬುದು ಫಿಕ್‌ಹ್‌ನ, ಅಂದರೆ ಇಸ್ಲಾಮೀ ನ್ಯಾಯಶಾಸ್ತ್ರದ ಮೂಲ ತಿಳಿವಳಿಕೆ. ಝಕಾತಿನ ಎಂಟು ಬಾಬತ್ತುಗಳಲ್ಲಿ ಒಂದು ಗುಲಾಮಗಿರಿಯಿಂದ ಕೊರಳು ಬಿಡಿಸುವುದು, ಇನ್ನೊಂದು ಸಾಲದಲ್ಲಿ ಮುಳುಗಿದವರನ್ನು ಎತ್ತುವುದು. ಮುಂಗಡಕ್ಕೆ ಸಿಕ್ಕಿಬಿದ್ದವನು ಈ ಎರಡೂ ಬಾಬತ್ತಿಗೆ ಸೇರುತ್ತಾನೆ. ರಮಝಾನಿನಲ್ಲಿ ಅವನ ಕೈಗೆ ಝಕಾತಿನ ಒಂದು ಸೀರೆಯನ್ನೋ ಅಕ್ಕಿಯ ಚೀಲವನ್ನೋ ಕೊಟ್ಟು, ಶವ್ವಾಲಿನಲ್ಲಿ "ಎಲ್ಲಿಗೋದಾನು" ಎನ್ನುವುದು ಯಾವ ಲೆಕ್ಕದ ಧರ್ಮ?

ಒಂದು ಆಕ್ಷೇಪ ಉಳಿದಿದೆ, ಅದರಲ್ಲಿ ಸತ್ಯವೂ ಇದೆ. ರೀಲರ್‌ಗಳಲ್ಲಿ ಹೆಚ್ಚಿನವರು ಸಣ್ಣವರು. ಗೂಡಿನ ಬೆಲೆ ಏರಿದಾಗ, ಚೀನಾದ ನೂಲು ಬಂದು ಪೇಟೆ ಕುಸಿದಾಗ ಅವರೂ ಸಾಲಗಾರರೇ. ಮುಂಗಡ ಕೊಡದಿದ್ದರೆ ಆಳು ಸಿಗುವುದಿಲ್ಲ, ಕೊಟ್ಟರೆ ಕಾನೂನು ಹಿಡಿಯುತ್ತದೆ, ನಾವೇನು ಮಾಡೋಣ ಎಂದು ಅವರು ಕೇಳುತ್ತಾರೆ. ಕಾನೂನು ಮುಂಗಡವನ್ನು ನಿಷೇಧಿಸಿಲ್ಲ. ಕನಿಷ್ಠ ಕೂಲಿ ಕೊಡಿ. ಮುಂಗಡವನ್ನು ಬರೆದು ಕೊಡಿ, ಪ್ರತಿ ಕಡಿತಕ್ಕೂ ಚೀಟಿ ಕೊಡಿ. ಎಲ್ಲ ಕಡಿತಗಳೂ ಸೇರಿ ಕೂಲಿಯ ಅರ್ಧ ಮೀರಬಾರದು ಎಂದು ವೇತನದ ಕಾನೂನು ಹೇಳುತ್ತದೆ, ಅದನ್ನು ಪಾಲಿಸಿ. ನಾಳೆ ಅವನು ಬೇರೆ ಶೆಡ್ಡಿಗೆ ಹೋಗುತ್ತೇನೆಂದರೆ ಹೋಗಲು ಬಿಡಿ, ಬಾಕಿಯನ್ನು ಹಣವಾಗಿಯೇ ಕೇಳಿ. ಇಷ್ಟು ಮಾಡಿದರೆ ಅದು ಸಾಲ. ಮಾಡದಿದ್ದರೆ ಜೀತ. ರೀಲರ್‌ನ ಕಷ್ಟಕ್ಕೆ ಪರಿಹಾರವನ್ನು ರೇಷ್ಮೆ ಇಲಾಖೆಯ ಬಳಿ, ಬ್ಯಾಂಕಿನ ಬಳಿ ಕೇಳಬೇಕು. ತನಗಿಂತ ಬಡವನ ಮೈಯಿಂದ ಅದನ್ನು ವಸೂಲು ಮಾಡುವ ಹಕ್ಕು ಬಡತನಕ್ಕೂ ಇಲ್ಲ.

ಮೊಹಲ್ಲಾಗಳಲ್ಲಿ ಮಸೀದಿ ಸಮಿತಿಗಳಿವೆ, ಯುವಕ ಸಂಘಗಳಿವೆ, ವಕೀಲರಾದ ನಮ್ಮ ಹುಡುಗರಿದ್ದಾರೆ. ಯಾರು ಯಾರಿಗೆ ಎಷ್ಟು ಮುಂಗಡಕ್ಕೆ ಸಿಕ್ಕಿಬಿದ್ದಿದ್ದಾರೆಂದು ಅವರಿಗೆ ತಹಶೀಲ್ದಾರರಿಗಿಂತ ಚೆನ್ನಾಗಿ ಗೊತ್ತು. ಉಪವಿಭಾಗಾಧಿಕಾರಿಗೆ ಒಂದು ಅರ್ಜಿ ಬರೆಯಲು, ಅರ್ಜಿ ಕೊಟ್ಟವನ ಜೊತೆ ವಿಚಾರಣೆಯ ದಿನ ಹೋಗಿ ನಿಲ್ಲಲು ದೊಡ್ಡ ನಿಧಿಯೇನೂ ಬೇಡ. ಮಾಲೀಕ ನಮ್ಮವನೇ ಆದಾಗ ಹೋಗಿ ನಿಲ್ಲುವುದು ಕಷ್ಟ. ನಮ್ಮ ಮೇಲಿನ ಅನ್ಯಾಯಕ್ಕೆ ಸಂವಿಧಾನವನ್ನು ಎತ್ತಿ ಹಿಡಿಯುವ ನಾವು, ನಮ್ಮವರು ಮಾಡುವ ಅನ್ಯಾಯದ ಎದುರು ಅದೇ ಸಂವಿಧಾನವನ್ನು ಮಡಚಿಟ್ಟರೆ, ಅದರ ಮೇಲೆ ನಮಗೆ ಹಕ್ಕು ಉಳಿಯುವುದು ಹೇಗೆ?

ಮುಂಗಡ ಪಡೆದವರು ತಿಳಿಯಬೇಕಾದದ್ದು ಇಷ್ಟು: ಪಡೆದ ಹಣಕ್ಕೆ ಮನುಷ್ಯ ಲೆಕ್ಕ ಕೊಡಬಹುದು, ತನ್ನನ್ನೇ ಕೊಡಬೇಕಾಗಿಲ್ಲ. ಕೊಟ್ಟವರು ತಿಳಿಯಬೇಕಾದದ್ದೂ ಅದೇ.